ನಿವೇಶನ ನನ್ನದು, ನೆಲವೆಲ್ಲ ಪಕ್ಕದ ಮನೆಯ ಬಾವಿಯದು

ಈ ಕೆರೆದಂಡೆಯನ್ನು ನಿವೇಶನಗಳಾಗಿ ವಿಂಗಡಿಸಿದ ಮಹಾನುಭಾವರು ಯಾರೇ ಆಗಿರಲಿ, ಇಲ್ಲಿ ವಾಸಿಸುವವರು ಸ್ನಾನ ಮಾಡುವುದಿಲ್ಲ, ಕಕ್ಕಸಿಗೂ ಹೋಗುವುದಿಲ್ಲ ಎಂದೇ ನಂಬಿದ್ದಿರಬೇಕು. ಎಲ್ಲರಿಗೂ ನೀರು ಕಾಣಿಸಲಿ ಎಂದು ದಂಡೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿಟ್ಟಿದ್ದಾರೆ. ಉದ್ದವೇನೋ ಇದೆ, ಅಗಲವಿಲ್ಲ. ಒಳಚರಂಡಿ ಇತ್ತ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಹಾಗಾದರೆ ಮನೆಯ ಕೊಳಕು ನೀರು ಎಲ್ಲಿಗೆ ಹೋಗಬೇಕು? ನಕ್ಷೆಯಲ್ಲಿ ಆ ಪ್ರಶ್ನೆಗೊಂದು ಚುಕ್ಕೆಯಷ್ಟೂ ಜಾಗವಿಲ್ಲ.

ಮನೆ ಕಟ್ಟಲು ಅರ್ಜಿ ಹಾಕಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯಲು ಕುಳಿತೆ. ನಮ್ಮಲ್ಲಿನ ನಿಯಮದಂತೆ ಇಂಗುಚರಂಡಿ, ಅಂದರೆ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಮಣ್ಣಿಗೆ ಇಂಗಿಸುವ ಚರಂಡಿ, ಕೆರೆಯಂಚಿನಿಂದ 30 ಮೀಟರ್ ದೂರವಿರಬೇಕು, ಕುಡಿಯುವ ನೀರಿನ ಬಾವಿಯಿಂದಲೂ 30 ಮೀಟರ್. ಮನೆಯ ಅಡಿಪಾಯದಿಂದ 3 ಮೀಟರ್, ಗಡಿಯಿಂದ 3 ಮೀಟರ್. ಅದರ ಮೇಲೆ ವಾಹನ ನಿಲ್ಲಿಸುವಂತಿಲ್ಲ, ಏಕೆಂದರೆ ಚಕ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಮುಂದೊಂದು ದಿನ ಅದು ಕಟ್ಟಿಕೊಂಡರೆ ಹೊಸದನ್ನು ಹಾಕಲು ಅಷ್ಟೇ ವಿಸ್ತಾರದ ಜಾಗವನ್ನು ಈಗಲೇ ಖಾಲಿ ಬಿಟ್ಟಿರಬೇಕು. ಇದೆಲ್ಲ ಕಳೆದ ಮೇಲೂ ರಸ್ತೆಯ ಬದಿಗೆ ಒಂದು ತುಂಡು ಜಾಗ ಉಳಿದಿತ್ತು. ಅದನ್ನು ನುಂಗಿದ್ದು ಪಕ್ಕದ ಮನೆಯವರ ಬಾವಿ.

ಬಾವಿ ತೋಡಿಸಲು ಅವರಿಗೆ ತಮ್ಮ ಅಷ್ಟು ದೊಡ್ಡ ಹಿತ್ತಿಲಿನಲ್ಲಿ ಬೇರೆ ಜಾಗವೇ ಕಾಣಲಿಲ್ಲ. ನನ್ನ ಬೇಲಿಗೆ ಅಂಟಿಸಿಯೇ ತೋಡಿಸಿದರು. ಬಾವಿಯ ಸುತ್ತ 30 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಅದರ ಅರ್ಧ, ಅಂದರೆ ಸುಮಾರು 1,400 ಚದರ ಮೀಟರ್, ಬೇಲಿಯಿಂದ ಈಚೆಗೆ ಬೀಳುತ್ತದೆ. ನನ್ನ ನಿವೇಶನದ ಅಗಲ ಸಾಲದೆ ಅದು ಆಚೆಯವರ ಹಿತ್ತಿಲಿಗೂ ಚಾಚಿಕೊಂಡಿದೆ. ತೆರಿಗೆ ನಾನು ಕಟ್ಟಬೇಕು, ಕಳೆ ನಾನು ಕೀಳಬೇಕು, ಗುದ್ದಲಿ ಹಾಕುವ ಹಕ್ಕು ಮಾತ್ರ ನನಗಿಲ್ಲ. ತೋಡುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲವೇ? ಕೇಳಬೇಕೆಂಬ ನಿಯಮವಿಲ್ಲವಂತೆ. ಮೊದಲು ತೋಡಿದವನೇ ಗೆದ್ದ!

ದೂರ ಬಿಡಬೇಕೆಂಬ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಅದು ಏಕಿದೆ ಎಂಬುದು ನನಗೆ ಗೊತ್ತು, ಗುತ್ತಿಗೆದಾರನಿಗೆ ಮಾತ್ರ ಗೊತ್ತಿಲ್ಲ. "ದೊಡ್ಡ ಟ್ಯಾಂಕ್ ಕೂರಿಸಿಬಿಡೋಣ ಸ್ವಾಮಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತಾನೆ. ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧ ಮಾಡುವುದಿಲ್ಲ ಮಾರಾಯ! ಹೂಳು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ರೋಗಾಣುಗಳನ್ನೂ ಸಾರಜನಕವನ್ನೂ ರಂಜಕವನ್ನೂ ಹೊತ್ತುಕೊಂಡೇ ಹೊರಗೆ ಹೋಗುತ್ತದೆ. ಸೋಸುವ ಕೆಲಸ ಮಣ್ಣಿನದು. ಅದಕ್ಕೆ ಚರಂಡಿಯ ತಳದಿಂದ ಅಂತರ್ಜಲದವರೆಗೆ ನೀರು ನಿಲ್ಲದ ಮಣ್ಣಿನ ಪದರ ಬೇಕು, ಮೀಟರಿನಷ್ಟಾದರೂ ಇದ್ದರೆ ನೆಮ್ಮದಿ. ಈತ ಬಿರುಬೇಸಿಗೆಯಲ್ಲಿ ಗುಂಡಿ ತೋಡಿ "ನೋಡಿ, ಒಂದು ಹನಿ ನೀರಿಲ್ಲ" ಎಂದು ಬೀಗಿದ. ಗುಂಡಿಯ ಗೋಡೆಯಲ್ಲಿ ಮೊಣಕಾಲೆತ್ತರದಿಂದ ಕೆಳಗೆ ಬೂದು ಬಣ್ಣ, ಅದರ ನಡುವೆ ತುಕ್ಕಿನಂಥ ಕೆಂಪು ಮಚ್ಚೆಗಳು. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಏರಿ ನಿಲ್ಲುತ್ತದೆ ಎಂದು ಮಣ್ಣೇ ಬರೆದಿಟ್ಟಿತ್ತು. ಇನ್ನು ಇಂಗಿಸುವ ಪರೀಕ್ಷೆಯಲ್ಲಿ ನೀರು ಗಟಗಟನೆ ಇಳಿದುಹೋದಾಗ ಅವನ ಸಂತೋಷ ನೋಡಬೇಕಿತ್ತು. ಮರಳಿನಲ್ಲಿ ಅಷ್ಟು ವೇಗವಾಗಿ ಇಳಿದ ನೀರು ಸೋಸಲು ಹೊತ್ತೇ ಸಿಗದೆ ನೇರವಾಗಿ ಕೆರೆಯ ಕಡೆಗೆ ಹೋಗುತ್ತದೆ ಎಂದರೆ ಅವನಿಗೆ ನಗು.

ಬೇರೆ ದಾರಿಗಳೂ ಇವೆಯಂತೆ. ಹೊರಗಿನಿಂದ ಮರಳು ತಂದು ದಿಬ್ಬ ಕಟ್ಟಿ, ಕೊಳಕು ನೀರನ್ನು ಪಂಪಿನಿಂದ ಮೇಲೆತ್ತಿ ಹರಿಸುವುದು ಒಂದು. ನೀರಿನ ಮಟ್ಟದ ತೊಂದರೆ ಅದರಿಂದ ನೀಗಬಹುದು, ಬಾವಿಯ ದೂರ ನೀಗುವುದಿಲ್ಲ. ಗಾಳಿ ಊದಿ ಶುದ್ಧೀಕರಿಸುವ ಘಟಕ ಇನ್ನೊಂದು. ವಿದ್ಯುತ್ ಹೋದರೆ ಅದೂ ಮಲಗುತ್ತದೆ, ಶುದ್ಧೀಕರಿಸಿದ ನೀರಿಗೂ ಕೊನೆಗೊಂದು ನೆಲ ಬೇಕೇ ಬೇಕು. ಉಳಿದದ್ದು ಹೊರದಾರಿಯೇ ಇಲ್ಲದ ಸಂಗ್ರಹ ಟ್ಯಾಂಕ್. ನಾಲ್ಕು ಜನರ ಮನೆಯಿಂದ ದಿನಕ್ಕೆ 400 ಲೀಟರ್ ಎಂದು ಹಿಡಿದರೂ 10,000 ಲೀಟರ್ ಟ್ಯಾಂಕ್ 25 ದಿನಕ್ಕೆ ತುಂಬುತ್ತದೆ. ಆಮೇಲೆ ಹೀರುವ ಲಾರಿಗೆ ಕಾಯುತ್ತ, ಸ್ನಾನದ ನೀರನ್ನೂ ಎಣಿಸುತ್ತ ಕುಳಿತಿರಬೇಕು. ಅಂತರ್ಜಲ ಮೇಲೆ ಬಂದ ಹೊತ್ತಿನಲ್ಲಿ ಲಾರಿ ಬಂದು ಪೂರ್ತಿ ಖಾಲಿ ಮಾಡಿದರೆ, ಸರಿಯಾಗಿ ಬಿಗಿಯದ ಟ್ಯಾಂಕ್ ದೋಣಿಯಂತೆ ನೆಲದಿಂದ ಮೇಲೇಳುತ್ತದೆ. ಅದನ್ನು ಹಿಡಿದಿಡಲು ಅಡಿಯಲ್ಲಿ ಕಾಂಕ್ರೀಟ್ ಹಾಸು, ಮೇಲೆ ಪಟ್ಟಿ. ಕಕ್ಕಸಿನ ನೀರಿಗೆ ಲಂಗರು ಹಾಕಬೇಕಾದ ಭಾಗ್ಯ!

ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಬಾವಿಯ ಧಣಿಗಳ ಸ್ವಂತ ಕಕ್ಕಸು ಗುಂಡಿ ಎಲ್ಲಿದೆ ಗೊತ್ತೇ? ಕೆರೆಯಂಚಿನಿಂದ ಕೂಗಳತೆಯೂ ಬೇಡ, ಉಗುಳಿದರೆ ಬೀಳುವಷ್ಟು ಹತ್ತಿರ. ತಳವಿಲ್ಲದ ಗುಂಡಿ, ಸುತ್ತ ಬರಿಯ ಉಂಗುರ. ಮಳೆಗಾಲದಲ್ಲಿ ಅಂತರ್ಜಲವೇ ಅದರೊಳಗೆ ಬಂದು ಕೊಳಕನ್ನು ತೊಳೆದುಕೊಂಡು ಹೋಗುತ್ತದೆ. ಅವರ ಮೆಟ್ಟಿಲ ಬಳಿ ವರ್ಷವರ್ಷವೂ ಹಸಿರು ಪಾಚಿ ದಟ್ಟವಾಗುತ್ತಿದೆ. ಆದರೂ ಪರವಾನಗಿ ಕೊಡುವ ಕಚೇರಿಯವರು ಕೇಳುವಂತಿಲ್ಲ, ಅದು ನಿಯಮಕ್ಕಿಂತ ಹಳೆಯದಂತೆ, ಹಳೆಯದಕ್ಕೆ ವಿನಾಯಿತಿಯಂತೆ. ಕೆರೆಯ ನೀರಿಗೆ ಗುಂಡಿಯ ವಯಸ್ಸು ಹೇಗೆ ತಿಳಿಯಬೇಕು?

ಬಾವಿಯನ್ನು ಬೇರೆಡೆಗೆ ಸ್ಥಳಾಂತರಿಸಲು ಒಪ್ಪಿದರೆ ಪೂರ್ತಿ ಖರ್ಚು ನನ್ನದು ಎಂದು ಅವರ ಬಾಗಿಲಿಗೆ ಹೋಗಿ ಹೇಳಿ ಬಂದೆ. ಉತ್ತರ ಬಂದಿದೆ, ನನಗಲ್ಲ, ಕಚೇರಿಗೆ. ಹೊಸ ಮನೆಗಳ ಕೊಳಚೆಯಿಂದ ಕೆರೆ ಹಾಳಾಗುತ್ತಿದೆಯಂತೆ, ಆದ್ದರಿಂದ ನನ್ನ ಅರ್ಜಿಯನ್ನು ತಿರಸ್ಕರಿಸಬೇಕಂತೆ, ಕೆಳಗೆ ಅವರ ಸಹಿ. ತಿರಸ್ಕರಿಸಿ ಸ್ವಾಮಿ, ಧಾರಾಳವಾಗಿ ತಿರಸ್ಕರಿಸಿ. ಅದಕ್ಕೂ ಮೊದಲು ಆ ಸಹಿ ಹಾಕಿದವರ ಗುಂಡಿಯ ಮುಚ್ಚಳವನ್ನು ಒಮ್ಮೆ ತೆಗೆಸಿ ನೋಡಿ.