ಇಕ್ಕೇರಿಗೆ ಹೋದರೆ ಮೊದಲು ನೆಲ ನೋಡಿ

ಜೋಗಕ್ಕೆ ಹೊರಟ ಟಿಟಿ ಗಾಡಿಗಳು ಇಕ್ಕೇರಿಯಲ್ಲಿ ನಿಲ್ಲುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ನಂದಿ ಮಂಟಪದ ಮುಂದೆ ಒಂದು ಗುಂಪು ಫೋಟೊ, ಒಳಗೆ ಒಂದು ಕೈಮುಗಿತ, ಮತ್ತೆ ಗಾಡಿ ಸ್ಟಾರ್ಟ್. ಇಕ್ಕೇರಿ ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. ಸಾಗರದಿಂದ ಆರೇಳು ಕಿ.ಮೀ. ದೂರದ ಇಲ್ಲಿನ ಅಘೋರೇಶ್ವರನ ಗುಡಿಗೆ ಅರ್ಧ ದಿನವಾದರೂ ಕೊಡಬೇಕು ಎನ್ನುವುದು ನನ್ನ ವಾದ.

ಗರ್ಭಗುಡಿಯ ಎದುರು ನೆಲದ ಮೇಲೆ ಕೆಳದಿಯ ಮೂವರು ಅರಸರು ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. ಮೇಲೆ ಅವರವರ ಹೆಸರಿದೆ. ಒಬ್ಬನ ಕೈಕಾಲಿಗೆ ಬೇಡಿ. ಅವನೇ ಹುಚ್ಚ ಸೋಮಶೇಖರ. ಬಂದವರು ಗೊತ್ತಿಲ್ಲದೆ ಇವರನ್ನು ತುಳಿದುಕೊಂಡೇ ಹೋಗುತ್ತಾರೆ. ತುಳಿದರೆ ಅಪಚಾರವೇನೂ ಅಲ್ಲ, ಭಕ್ತರ ಪಾದಧೂಳಿ ಬೀಳಲೆಂದೇ ಹೀಗೆ ನೆಲಕ್ಕೆ ಕೆತ್ತಿಸಿಕೊಳ್ಳುವುದಿತ್ತು. ಆದರೆ ನೋಡದೆ ಹೋಗುವುದು ನಷ್ಟ. ಒಳಗೆ ಕತ್ತಲು. ಮೊಬೈಲಿನ ಫ್ಲ್ಯಾಶ್ ಎದುರಿಂದ ಹೊಡೆದರೆ ಗೆರೆಗಳೆಲ್ಲ ಚಪ್ಪಟೆಯಾಗಿ ಅಳಿಸಿಹೋಗುತ್ತವೆ. ಟಾರ್ಚನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಅಕ್ಷರವೂ ಮುಖವೂ ಎದ್ದು ಕಾಣುತ್ತವೆ. ಶಾಸನ ಓದಲು ಸುಣ್ಣ, ಅರಿಶಿನ ಬಳಿಯುವ ಚಾಳಿ ಬೇಡ.

ಒಳಗಿನ ಪೀಠವನ್ನೂ ಹೀಗೇ ನೋಡಿ. ಮೂಲ ಅಘೋರೇಶ್ವರ ಮೂರ್ತಿ ಈಗಿಲ್ಲ. ಅದು ಎಷ್ಟು ದೊಡ್ಡದಿತ್ತು ಎನ್ನುವುದಕ್ಕೆ ಸುತ್ತ 32 ಶಕ್ತಿಯರನ್ನು ಕೆತ್ತಿರುವ ಈ ಪೀಠವೇ ಸಾಕ್ಷಿ.

ಅಡಿಕೆ ತೋಟದವರಿಗೆ ಇನ್ನೊಂದು ಸ್ವಾರಸ್ಯ. ಇಲ್ಲಿನ ನಡುಗಂಬಗಳ ಅಂತರವೇ ಕೆಳದಿ ಸೀಮೆಯಲ್ಲಿ ತೋಟದ ಅಳತೆಗೆ ಪ್ರಮಾಣವಾಗಿತ್ತು ಎಂದು ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ: 18 ಅಡಿ 6 ಇಂಚು. ಟೇಪು ಒಯ್ದರೆ ನೀವೇ ಹಿಡಿದು ನೋಡಬಹುದು.

ಬೇಲೂರು ನೋಡಿ ಬಂದವರು ‘ಕೆತ್ತನೆ ಒರಟು’ ಎನ್ನುತ್ತಾರೆ. ಬೇಲೂರಿನದು ಬಳಪದ ಕಲ್ಲು, ಉಳಿಗೆ ಬಗ್ಗುತ್ತದೆ. ಇಲ್ಲಿನದು ಗ್ರಾನೈಟ್. ಒಡವೆಯ ಎಳೆ ಹುಡುಕುವ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಗುಡಿಯ ಮೈಕಟ್ಟು ನೋಡಿ. ಗುಡಿ ಉತ್ತರಕ್ಕೆ ಮುಖ ಮಾಡಿದೆ, ಹಾಗಾಗಿ ಚಳಿಗಾಲದಲ್ಲಿ ಎದುರಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಫೋಟೊಕ್ಕೆ ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ್ದು.

‘ರಾಜಧಾನಿ ಅಂತೀರಿ, ಅರಮನೆ ಎಲ್ಲಿ?’ ಎಂದು ಕೇಳುವವರಿಗೆ: ಅದು ಮಣ್ಣು, ಮರದ್ದು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ 1623ರಲ್ಲಿ ಬಂದಾಗ ಇಲ್ಲಿ ಆಸ್ಥಾನವೇ ಇತ್ತು. ನಮ್ಮ ಮಳೆಗೆ ಉಳಿದದ್ದು ಕಲ್ಲು ಮಾತ್ರ.

ಮಳೆಗಾಲದಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ. ಕಾಲುಚೀಲ ಹಾಕಿಕೊಂಡರೆ ಜಾರುವುದು ಖಚಿತ, ಬರಿಗಾಲೇ ವಾಸಿ. ಬೇಸಿಗೆಯ ಮಧ್ಯಾಹ್ನಕ್ಕೆ ಮಾತ್ರ ಕಾಲುಚೀಲ ಬೇಕು.

ಇಕ್ಕೇರಿಯ ಜೊತೆ ಕೆಳದಿಯನ್ನೂ ನೋಡುವುದಾದರೆ, ಅದು ಸಾಗರದ ಇನ್ನೊಂದು ದಿಕ್ಕಿಗಿದೆ. ಒಂದೇ ದಾರಿ ಎಂದುಕೊಂಡು ಹೊರಡಬೇಡಿ. ಇಕ್ಕೇರಿಯದು ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಬಾಗಿಲು ಹಾಕಿರಬಹುದು. ಬೆಳಿಗ್ಗೆ ಇಕ್ಕೇರಿ, ಸಾಗರದಲ್ಲಿ ಊಟ, ಇಳಿಹೊತ್ತಿಗೆ ಕೆಳದಿ, ಈ ಕ್ರಮ ಸರಿ. ಕೆಳದಿಯಲ್ಲಿ ಮಾತ್ರ ಕತ್ತು ಎತ್ತಲೇಬೇಕು: ವೀರಭದ್ರನ ಗುಡಿಯ ಮಾಡಿನಲ್ಲಿ ಆನೆ, ಸಿಂಹಗಳನ್ನು ಹಿಡಿದ ಗಂಡಭೇರುಂಡವಿದೆ. ರೈಲಿನಲ್ಲಿ ಬರುವವರು ತಾಳಗುಪ್ಪದವರೆಗೆ ಹೋಗುವುದು ಬೇಡ, ಸಾಗರ ಜಂಬಗಾರಿನಲ್ಲೇ ಇಳಿದು ಆಟೊ ಹಿಡಿಯಿರಿ. ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.