ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ, ಹೆಬ್ಬಾಳ ದೂರ

ಹೋದ ವರ್ಷ ಜನವರಿಯಲ್ಲಿ ಅಕ್ಕ ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ, ಎಷ್ಟು ದೂರವೋ ಎಂದು ಕೇಳಿದಳು. ಮೊಬೈಲ್ ತೆಗೆದು ನೋಡಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್, ಹಾರಾಟ 16 ಗಂಟೆ 58 ನಿಮಿಷ ಎಂದಿತು. ಆ 58 ನಿಮಿಷ ಕಂಡು ನನಗೆ ಕೈ ಮುಗಿಯುವಂತಾಯಿತು. ಭೂಗೋಳದ ಮೇಲೆ ನೂಲು ಹಿಡಿದು ಅಳೆದು, ವಿಮಾನದ ವೇಗದಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ ಲೆಕ್ಕ ಮುಗಿಯಿತು. ಗಾಳಿ ಬೆನ್ನಿಗಿದೆಯೋ ಎದೆಗಿದೆಯೋ ಎಂಬ ಕ್ಷುಲ್ಲಕ ಸಂಗತಿಗಳಿಗೆ ಅಲ್ಲಿ ಜಾಗವಿಲ್ಲ.

"ಅದಿರಲಿ, ಬನಶಂಕರಿಯಿಂದ ದೇವನಹಳ್ಳಿಗೆ?" ಎಂದಳು ಅಕ್ಕ.

ಇದಕ್ಕೆ ಯಾವ ಮೊಬೈಲೂ ಬಾಯಿ ಬಿಡುವುದಿಲ್ಲ. ಬಿಟ್ಟರೂ ಹತ್ತು ನಿಮಿಷಕ್ಕೊಮ್ಮೆ ಮಾತು ಬದಲಿಸುತ್ತದೆ. ನಮ್ಮ ಹಿರಿಯರು ದೂರವನ್ನು ಕೂಗಳತೆ, ಹರದಾರಿ, ಗಾವುದ ಎಂದು ಅಳೆದರು. ವಿಮಾನ ನಿಲ್ದಾಣದ ದಾರಿಯಲ್ಲಿ ಸಿಗುವ ಹೆಬ್ಬಾಳದಲ್ಲಿ ಕೂಗಳತೆಯೇ ಇವತ್ತಿಗೂ ಸರಿ. ಎಲ್ಲರೂ ಕೂಗುತ್ತಿರುತ್ತಾರೆ, ಯಾರೂ ಕದಲುವುದಿಲ್ಲ.

ಪೆಟ್ಟಿಗೆಗೆ 23 ಕಿಲೋ ಮಿತಿ. ಅಕ್ಕ ಪೆಟ್ಟಿಗೆಯನ್ನು ತಬ್ಬಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ಭಾವ ಅದರಲ್ಲಿ ಅಕ್ಕನ ತೂಕ ಕಳೆಯುವುದು, ಅಕ್ಕ ತನ್ನ ತೂಕ ಅಷ್ಟಿಲ್ಲವೆಂದು ಜಗಳ ತೆಗೆಯುವುದು, ಕೊನೆಗೆ ಬಡಪಾಯಿ ಹಪ್ಪಳದ ಕಟ್ಟು ಹೊರಬರುವುದು. ಚಟ್ನಿಪುಡಿಯನ್ನು ಮುಟ್ಟುವ ಧೈರ್ಯ ಭಾವನಿಗಿರಲಿಲ್ಲ.

ಅದೇ ಭಾವ ಟಿಕೆಟ್ ನೋಡಿ ಹೌಹಾರಿದರು. ಮಧ್ಯಾಹ್ನ ಎರಡಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ ಐದಕ್ಕೆ ಇಳಿಯುತ್ತದೆ! ಮೂರೇ ಗಂಟೆ! ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ ಎಂದು ವಿವರಿಸಲು ನಾನು ಹೋಗಲಿಲ್ಲ. ನಾವು ಬನಶಂಕರಿ ಬಿಟ್ಟದ್ದು ಬೆಳಿಗ್ಗೆ ಏಳಕ್ಕೆ, ವಿಮಾನ ನಿಲ್ದಾಣ ಮುಟ್ಟಿದ್ದು ಹತ್ತಕ್ಕೆ. ಅದೂ ಮೂರು ಗಂಟೆಯೇ. ನಮ್ಮ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವವರು ಮಾತ್ರ ಯಾರೂ ಇರಲಿಲ್ಲ.

2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ನಮ್ಮೂರಿಗೆ ಬಂದಿಳಿಯಿತು. ಅದಕ್ಕೆ ಒಂದು ವಾರ ಮೊದಲು, ಜನವರಿ 4ರಂದು, ಇನ್ನೂ ದೊಡ್ಡ ಸಾಹಸವೊಂದು ನಡೆದಿತ್ತು. ಬೆಂಗಳೂರಿನಿಂದ ಹೊರಟ ರೈಲು ದೇವನಹಳ್ಳಿ ವಿಮಾನ ನಿಲ್ದಾಣದ ಹೊಸ ತಂಗುದಾಣ ತಲುಪಿತ್ತು! ಹಳಿ ಮೊದಲೇ ಇತ್ತು. ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ. ಪಕ್ಕದಲ್ಲೇ ಹಾದುಹೋಗುವ ರೈಲಿಗೆ ನಿಲ್ಲಲು ಒಂದು ಕಟ್ಟೆ ಬೇಕೆಂದು ಹೊಳೆಯಲು ಹನ್ನೆರಡೂವರೆ ವರ್ಷ. ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ. ಊರಾಚೆ ವಿಮಾನ ನಿಲ್ದಾಣ ಕಟ್ಟುವಾಗ ಜನ ಅಲ್ಲಿಗೆ ಹೇಗೆ ಹೋಗುತ್ತಾರೆ ಎಂದು ಒಬ್ಬರಾದರೂ ಕೇಳಬೇಡವೇ? ಹಗಲು ವಿಮಾನಕ್ಕೆ ನಸುಕಿನಲ್ಲಿ ಎದ್ದು, ಟ್ಯಾಕ್ಸಿಗೆ ದುಡ್ಡು ಸುರಿದು, ಮಂಡಿನೋವಿನ ಮುದುಕಿಯರು ದಾರಿಯುದ್ದಕ್ಕೂ ಬಚ್ಚಲಿಲ್ಲದೆ ಕೂತಿರುತ್ತಾರೆ. ತಮಾಷೆ ಮಾಡಿಯೂ ಸಾಕಾಗಿದೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು.

"ಸುಖವಾಗಿ ಇಳಿದೆ ಕಣೋ. ಮನೆಗೆ ಇನ್ನು ಮುಕ್ಕಾಲು ಗಂಟೆ ಅಂದಿದ್ದ ಇವನು. ಕಾರು ಹತ್ತಿಯೇ ಒಂದೂವರೆ ಗಂಟೆಯಾಯಿತು. ಮುಂದೆ ಬರೀ ಕೆಂಪು ದೀಪ."

ಹಪ್ಪಳ ಇದ್ದಿದ್ದರೆ ಚೆನ್ನಾಗಿತ್ತು ಎಂದಳು.