ಮೇಜಿನ ಮೇಲೆ ಮಲಗಿದ ಫೈಲು

ಹನ್ನೊಂದು ವರ್ಷದಿಂದ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೇನೆ; ಅಂದರೆ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನಗಳ ಓಡಾಟ, ಕಾಗದಪತ್ರ ನೋಡಿಕೊಳ್ಳುವ ಕೆಲಸ. ಸಂಶೋಧನೆ ಯಾಕಿಷ್ಟು ನಿಧಾನ ಅಂತ ಕೇಳಿದವರಿಗೆ 'ವಿಜ್ಞಾನದಲ್ಲಿ ಅವಸರ ಮಾಡೋಕಾಗಲ್ಲ' ಅನ್ನುತ್ತಿದ್ದೆ. ಈಗ ಹಾಗನ್ನಲು ಬಾಯಿ ಬರುವುದಿಲ್ಲ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಒಂದು ಮಧ್ಯಾಹ್ನ ನಾಲ್ಕು ಜನ ಕೂತು, ಒಂದು ಟ್ರಯಲ್‌ನ ಅನುಮತಿ ಫೈಲು ಓಡಾಡಿದ ದಾರಿಯನ್ನು ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಟೊಯೊಟಾ ಕಾರ್ಖಾನೆಯಿಂದ ಬಂದ ಪದ್ಧತಿ ಇದು: ಕೆಲಸ ಎಲ್ಲಿ ನಡೆಯುತ್ತಿದೆ, ಎಲ್ಲಿ ಸುಮ್ಮನೆ ಕಾಯುತ್ತಿದೆ ಅಂತ ಬಿಡಿಸಿ ನೋಡುವುದು. ನಮ್ಮ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 'ಸಹಿಗೆ ಕಾಯುತ್ತಿದೆ'. ಬಜೆಟ್ ಚೌಕಾಸಿ ಮುಗಿಯುವ ತನಕ ಎಥಿಕ್ಸ್ ಕಮಿಟಿಗೆ (ರೋಗಿಗಳ ಹಿತ ಕಾಯುವ ಸಮಿತಿಗೆ) ಕಾಗದ ಹೋಗಬಾರದು ಅನ್ನೋದು ಎಂದೋ ಬಿದ್ದ ರೂಢಿ. ನಮ್ಮ ನಿಯಮಗಳಲ್ಲಿ ಅದು ಇರಲೇ ಇಲ್ಲ.

ಫೈಲು ಹಾಗೆ ಕಾಯುತ್ತಿದ್ದ ತಿಂಗಳುಗಳಲ್ಲಿ ಒಬ್ಬ ರೋಗಿ ಪ್ರತಿ ಸಲ ಒಪಿಡಿಗೆ ಬಂದಾಗಲೂ "ಮೇಡಂ, ಶುರುವಾಯ್ತಾ?" ಅಂತ ಕೇಳುತ್ತಿದ್ದರು. ಶುರುವಾಗುವಷ್ಟರಲ್ಲಿ ಅವರ ಕಾಯಿಲೆ ಎಷ್ಟು ಮುಂದೆ ಹೋಗಿತ್ತೆಂದರೆ ಸೇರಿಸಿಕೊಳ್ಳುವ ಹಾಗಿರಲಿಲ್ಲ.

ಬೇರೆ ಥರ ಮಾಡಬಹುದು ಅಂತ ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ತೋರಿಸಿತು. ಪೀಟರ್ ಹಾರ್ಬಿ, ಮಾರ್ಟಿನ್ ಲ್ಯಾಂಡ್ರೇ ನೇತೃತ್ವದ ಆಕ್ಸ್‌ಫರ್ಡ್ ತಂಡ 2020ರ ಮಾರ್ಚ್‌ನಲ್ಲಿ ಪ್ರೋಟೋಕಾಲ್ (ಟ್ರಯಲ್ ಹೇಗೆ ನಡೆಯಬೇಕು ಅನ್ನುವ ಯೋಜನೆ) ಕರಡು ಮಾಡಿ 9 ದಿನಕ್ಕೆ ಮೊದಲ ರೋಗಿಯನ್ನು ಸೇರಿಸಿತು. ದಣಿದ ವಾರ್ಡ್ ಡಾಕ್ಟರೂ ತುಂಬಬಹುದಾದ ಚಿಕ್ಕ ಫಾರ್ಮ್. ಉಳಿದ ಮಾಹಿತಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೊದಲೇ ಇರುವ ದಾಖಲೆಗಳಿಂದ. ಜೂನ್ 16ಕ್ಕೆ ಉತ್ತರ ಸಿಕ್ಕಿತು: ಅಗ್ಗದ, ಹಳೆಯ ಸ್ಟೀರಾಯ್ಡ್ ಔಷಧ ಡೆಕ್ಸಾಮೆಥಾಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸುತ್ತದೆ. ವಿಜ್ಞಾನದ ಕಟ್ಟುನಿಟ್ಟನ್ನು ಅವರು ಬಿಡಲಿಲ್ಲ. 2,104 ಜನರಿಗೆ ಔಷಧ ಕೊಟ್ಟು, ಮಾಮೂಲಿ ಚಿಕಿತ್ಸೆಯಲ್ಲಿದ್ದ 4,321 ಜನರ ಜೊತೆ ಹೋಲಿಸಿದರು. ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಉಪಯೋಗವಿಲ್ಲ ಅಂತ ಹೇಳಿದ್ದೂ ಇದೇ ಟ್ರಯಲ್.

ನಮ್ಮಲ್ಲಿ ಇದನ್ನೆಲ್ಲ ಹೇಳಿದರೆ, ಬೇಗ ಮಾಡಲು ಹೋಗಿ ರೋಗಿಯ ಸುರಕ್ಷತೆ ಸಡಿಲವಾಗುತ್ತೆ ಅನ್ನುತ್ತಾರೆ. ಆ ಭಯ ನನಗೂ ಇದೆ. ಅದಕ್ಕೇ ಸಮಯವನ್ನು ಎಲ್ಲಿ ಕತ್ತರಿಸುತ್ತೇವೆ ಅನ್ನೋದು ಮುಖ್ಯ.

ಮೊನ್ನೆ ಒಬ್ಬ ಅಜ್ಜಿಗೆ ಒಪ್ಪಿಗೆ ಪತ್ರ ಓದುತ್ತಿದ್ದೆ. 'ಯಾದೃಚ್ಛಿಕ ಹಂಚಿಕೆ' ಅನ್ನೋ ಹೊತ್ತಿಗೆ ನನ್ನ ಮುಖವನ್ನೇ ನೋಡಿದರು. "ಚೀಟಿ ಎತ್ತಿದ ಹಾಗೆ ಅಜ್ಜಿ, ಯಾವ ಔಷಧ ಬರುತ್ತೋ ನಾನೂ ಆರಿಸಲ್ಲ, ಡಾಕ್ಟರೂ ಆರಿಸಲ್ಲ" ಅಂದೆ. "ಬ್ಯಾಡ ಅಂದ್ರೆ ಇಲ್ಲಿ ನೋಡೋದು ನಿಲ್ಲಿಸ್ತೀರಾ?" ಅಂತ ಕೇಳಿದರು. ಇಲ್ಲ ಅಂದೆ. ಮತ್ತೆ ಕೇಳಿದರು. ಸಾಕ್ಷಿಯ ಮುಂದೆ ಹೆಬ್ಬೆಟ್ಟು ಒತ್ತುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಅದರಲ್ಲಿ ಒಂದು ನಿಮಿಷವನ್ನೂ ನಾನು ಕಡಿಮೆ ಮಾಡುವುದಿಲ್ಲ.